ಸುಲಭವಾದದ್ದು ಯಾರಿಗೆ? ಆಯಿಲ್ ಫಿಲ್ಟರಿನ ನೂರು ವರ್ಷಗಳು

ಮೋಟಾರು ಕಾರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ವೇಗ, ಶಕ್ತಿ, ಅಂದಚಂದಗಳನ್ನು ವರ್ಣಿಸುತ್ತಾರೆ. ಎಂಜಿನ್ನಿನ ಪಕ್ಕದಲ್ಲೋ ಅಡಿಯಲ್ಲೋ ಅಂಟಿಕೊಂಡಿರುವ, ಸಣ್ಣ ಚೊಂಬಿನಷ್ಟು ಗಾತ್ರದ ತಗಡಿನ ಡಬ್ಬಿಯೊಂದರ ಕಡೆಗೆ ಅವರ ಗಮನ ಹರಿಯುವುದು ಅಪರೂಪ. ಅದೇ ಆಯಿಲ್ ಫಿಲ್ಟರ್. ಎಂಜಿನ್ನಿನ ಆಯುಷ್ಯವನ್ನು ಹೆಚ್ಚಿಸಿದ ಸಾಧನಗಳಲ್ಲಿ ಇದಕ್ಕೆ ಮುಖ್ಯವಾದ ಸ್ಥಾನವಿದೆ. ಆದರೂ ಕೆಲಸ ಮುಗಿದ ಮೇಲೆ ಕಸಕ್ಕೆ ಹೋಗುವ ವಸ್ತುವಾದ್ದರಿಂದ ಇದರ ಕಥೆಯನ್ನು ಯಾರೂ ಹೆಚ್ಚಾಗಿ ಹೇಳಿದಂತಿಲ್ಲ.

ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ರಜೆಯ ದಿನ ತಮ್ಮ ಕಾರಿನ ಆಯಿಲನ್ನು ತಾವೇ ಬದಲಿಸುತ್ತೇವೆಂದು ಹೆಮ್ಮೆಯಿಂದ ಬರೆಯುತ್ತಾರೆ. ಊರಿನಲ್ಲಿರುವ ಬಂಧುಗಳಿಗೆ ಇದು ಆಶ್ಚರ್ಯದ ಸಂಗತಿ. ಓದಿ ಇಂಜಿನಿಯರ್ ಆದವನು ಕಾರಿನಡಿಗೆ ಮಲಗಿ ಕೈ ಮಸಿ ಮಾಡಿಕೊಳ್ಳುವುದೇ ಎಂದು ಅವರ ಪ್ರಶ್ನೆ. ಆದರೆ ಆ ಕೆಲಸ ಮನೆಯಂಗಳಕ್ಕೆ ಬಂದದ್ದು ತಾನಾಗಿ ಅಲ್ಲ. ಅದರ ಹಿಂದೆ ನೂರು ವರ್ಷಗಳ ವಿನ್ಯಾಸದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಪ್ರತಿ ಹಂತದಲ್ಲಿಯೂ ಕೆಲಸವನ್ನು ಸುಲಭ ಮಾಡಲಾಗಿದೆ. ಸುಲಭವಾದದ್ದು ಯಾರಿಗೆ, ಉಳಿದ ಕಷ್ಟ ಯಾರ ಪಾಲಿಗೆ ಹೋಯಿತು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ವಿಜ್ಞಾನ. ಎಂಜಿನ್ನಿನೊಳಗೆ ಲೋಹದ ಭಾಗಗಳು ನಿಮಿಷಕ್ಕೆ ಸಾವಿರಾರು ಬಾರಿ ತಿರುಗುತ್ತವೆ. ಅವು ನೇರವಾಗಿ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಎಣ್ಣೆಯ ತೆಳುವಾದ ಪದರವೊಂದು ಇರುತ್ತದೆ. ಬೇರಿಂಗುಗಳಲ್ಲಿ ಈ ಎಡೆ ಒಂದು ಮಿಲಿಮೀಟರಿನ ನೂರನೆಯ ಕೆಲವೇ ಭಾಗಗಳಷ್ಟು, ಎಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತ ಹೆಚ್ಚೇನೂ ಇಲ್ಲ. ಹೊರಗಿನಿಂದ ಬರುವ ಧೂಳು, ಸವೆದ ಲೋಹದ ಕಣ, ಇಂಧನ ಉರಿದು ಉಂಟಾಗುವ ಮಸಿ, ಇವೆಲ್ಲ ಎಣ್ಣೆಯಲ್ಲಿ ಸೇರಿದರೆ ಆ ಎಡೆಯೊಳಗೆ ಮರಳುಕಾಗದದಂತೆ ಉಜ್ಜತೊಡಗುತ್ತವೆ. ಜೊತೆಗೆ ನೀರಿನ ಆವಿಯೂ ಉರಿಯದೆ ಉಳಿದ ಪೆಟ್ರೋಲೂ ಎಣ್ಣೆಯನ್ನು ಕೆಡಿಸುತ್ತವೆ. ಆಲಿಕೆಯಲ್ಲಿ ಸೋಸುಕಾಗದವನ್ನು ಮಡಿಸಿಟ್ಟು ಕೆಸರು ನೀರನ್ನು ಸೋಸಿದ ಪ್ರಯೋಗ ನಿಮಗೆಲ್ಲ ನೆನಪಿರಬಹುದು. ಉಪ್ಪು ಕರಗಿದ ನೀರನ್ನು ಸೋಸಿದರೆ ಉಪ್ಪು ಕಾಗದದಲ್ಲಿ ಉಳಿಯುವುದಿಲ್ಲ ಎಂಬುದನ್ನೂ ನಾವು ನೋಡಿದ್ದೆವು. ಆಯಿಲ್ ಫಿಲ್ಟರಿಗೂ ಇದೇ ಮಿತಿ. ಗಟ್ಟಿ ಕಣಗಳನ್ನು ಅದು ಹಿಡಿಯುತ್ತದೆ. ಕರಗಿದ್ದನ್ನೂ ಅತಿ ಸೂಕ್ಷ್ಮವಾದ ಮಸಿಯನ್ನೂ ಹಿಡಿಯಲಾರದು. ಆದ್ದರಿಂದ ಫಿಲ್ಟರ್ ಇದ್ದರೂ ಎಣ್ಣೆಯನ್ನು ಬದಲಿಸಲೇಬೇಕು.

ಇನ್ನು ಚರಿತ್ರೆಗೆ ಬರೋಣ. 1908ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಹೊರತಂದ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಫಿಲ್ಟರ್ ಇರಲಿಲ್ಲ. ಅಷ್ಟೇ ಅಲ್ಲ, ಆಯಿಲ್ ಪಂಪು ಕೂಡ ಇರಲಿಲ್ಲ. ತಿರುಗುವ ಗಾಲಿಯೊಂದು ಎಣ್ಣೆಯನ್ನು ಚಿಮ್ಮುತ್ತಿತ್ತು. ಆ ಎಣ್ಣೆ ಒಂದು ಕೊಳವೆಯ ಮೂಲಕ ತನ್ನ ಭಾರದಿಂದಲೇ ಹರಿದು ಮುಂಭಾಗಕ್ಕೆ ಹೋಗುತ್ತಿತ್ತು. ಎಣ್ಣೆ ಎಷ್ಟಿದೆ ಎಂದು ನೋಡಲು ಇಂದಿನಂತೆ ಕಡ್ಡಿಯೂ ಇಲ್ಲ. ಎಂಜಿನ್ನಿನ ಕೆಳಭಾಗದಲ್ಲಿ ಒಂದು ಮೇಲೆ ಒಂದು ಕೆಳಗೆ ಎರಡು ಪುಟ್ಟ ನಲ್ಲಿಗಳಿದ್ದವು. ಮಾಲೀಕನು ಕಾರಿನಡಿಗೆ ಕೈ ಚಾಚಿ ನಲ್ಲಿ ತಿರುಗಿಸಬೇಕು. ಮೇಲಿನದರಲ್ಲಿ ಎಣ್ಣೆ ಬಾರದೆ ಕೆಳಗಿನದರಲ್ಲಿ ಬಂದರೆ ಮಟ್ಟ ಇವೆರಡರ ನಡುವೆ ಇದೆ ಎಂದು ಅರ್ಥ. ಅಂದಿನ ರಸ್ತೆಗಳಲ್ಲಿ ಬಹುಪಾಲು ಮಣ್ಣಿನವು. ಎಂಜಿನ್ನಿಗೆ ಹೋಗುವ ಗಾಳಿಗೂ ಸೋಸುವ ವ್ಯವಸ್ಥೆ ಇರಲಿಲ್ಲ. ಆದ್ದರಿಂದ ಸುಮಾರು 750 ಮೈಲಿಗೊಮ್ಮೆ, ಎಂದರೆ ಸುಮಾರು 1,200 ಕಿಲೋಮೀಟರಿಗೊಮ್ಮೆ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಬೇಕೆಂದು ಫೋರ್ಡ್ ಕಂಪನಿ ತನ್ನ ಕೈಪಿಡಿಯಲ್ಲಿ ತಿಳಿಸಿತ್ತು. 1927ರ ವರೆಗೆ ಇಂತಹ ಒಂದೂವರೆ ಕೋಟಿ ಕಾರುಗಳು ತಯಾರಾದವು. ಅವುಗಳನ್ನು ಕೊಂಡವರಲ್ಲಿ ಅನೇಕರು ರೈತರು. ಎತ್ತಿನ ಗಾಡಿಯ ಕೀಲಿಗೆ ಎಣ್ಣೆ ಹಾಕುವುದು ನಮ್ಮ ರೈತನಿಗೆ ಹೇಗೆ ದಿನದ ಕೆಲಸವೋ, ಕಾರಿನ ಎಣ್ಣೆ ಬದಲಿಸುವುದು ಅವರಿಗೆ ಹಾಗೆಯೇ ಇತ್ತು. ಮನೆಯಲ್ಲಿ ಎಣ್ಣೆ ಬದಲಿಸುವ ಪದ್ಧತಿ ಹೊಸ ಸೌಕರ್ಯದಿಂದ ಹುಟ್ಟಿದ್ದಲ್ಲ, ಅನಿವಾರ್ಯತೆಯಿಂದ ಹುಟ್ಟಿದ್ದು.

ಈ ಸ್ಥಿತಿಯನ್ನು ಬದಲಿಸಿದವರು ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬ ಅಮೆರಿಕದ ಇಂಜಿನಿಯರು. ಅವರು ಕಾರಿನ ಕ್ಷೇತ್ರದವರಾಗಿರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಕಾರ್ಖಾನೆಗಳಲ್ಲಿ ದ್ರವಗಳನ್ನು ಒತ್ತಡದಿಂದ ಸೋಸುವ ದೊಡ್ಡ ಯಂತ್ರವೊಂದನ್ನು ಅವರು ಮೊದಲೇ ರೂಪಿಸಿದ್ದರು. ಸಕ್ಕರೆಯನ್ನು ಶುದ್ಧಿ ಮಾಡುವ ಕಾರ್ಖಾನೆಗಳಲ್ಲಿ ಆ ಯಂತ್ರ ಸ್ವೀಟ್‌ಲ್ಯಾಂಡ್ ಫಿಲ್ಟರ್ ಎಂದೇ ಹೆಸರಾಗಿತ್ತು. ಸಕ್ಕರೆಯ ಪಾಕವನ್ನು ಸೋಸುವ ತತ್ತ್ವವನ್ನು ಅವರು ಕಾರಿನ ಎಣ್ಣೆಗೆ ಅಳವಡಿಸಿದರು. ಅವರೂ ಅವರ ಸಹೋದ್ಯೋಗಿ ಜಾರ್ಜ್ ಗ್ರೀನ್‌ಹಾಲ್ಜ್ ಅವರೂ ಸೇರಿ 1923ರ ವೇಳೆಗೆ ಸಿದ್ಧಪಡಿಸಿದ ಸಾಧನಕ್ಕೆ ಪ್ಯುರೊಲೇಟರ್ ಎಂದು ಹೆಸರಿಟ್ಟರು. ‘ಪ್ಯೂರ್ ಆಯಿಲ್ ಲೇಟರ್’, ಅಂದರೆ ಮುಂದೆಯೂ ಶುದ್ಧವಾಗಿ ಉಳಿಯುವ ಎಣ್ಣೆ ಎಂಬ ಮಾತನ್ನು ಕುಗ್ಗಿಸಿ ಮಾಡಿದ ಹೆಸರು ಅದು. 1924ರಲ್ಲಿ ವಾಲ್ಟರ್ ಕ್ರೈಸ್ಲರ್ ತಮ್ಮ ಹೆಸರಿನ ಮೊದಲ ಕಾರನ್ನು ಹೊರತಂದಾಗ ಅದರಲ್ಲಿ ಆಯಿಲ್ ಫಿಲ್ಟರ್ ಕಾರಿನ ಜೊತೆಗೇ ಬಂದಿತ್ತು.

ಈ ಮೊದಲ ಫಿಲ್ಟರ್ ಎಂಜಿನ್ನಿಗೆ ಹೋಗುವ ಎಣ್ಣೆಯನ್ನೆಲ್ಲ ಸೋಸುತ್ತಿರಲಿಲ್ಲ. ಪಂಪಿನಿಂದ ಬಂದ ಎಣ್ಣೆಯ ಬಹುಭಾಗ ನೇರವಾಗಿ ಎಂಜಿನ್ನಿಗೆ ಹೋಗುತ್ತಿತ್ತು. ಒಂದು ಚಿಕ್ಕ ಪಾಲು ಮಾತ್ರ ಬೇರೆ ದಾರಿಯಲ್ಲಿ ಫಿಲ್ಟರನ್ನು ಹಾದು ತೊಟ್ಟಿಗೆ ಮರಳುತ್ತಿತ್ತು. ಕೆರೆಯ ನೀರನ್ನೆಲ್ಲ ಒಂದೇ ಸಲ ಸೋಸಲಾಗದಿದ್ದಾಗ ಬಿಂದಿಗೆ ಬಿಂದಿಗೆಯಾಗಿ ಸೋಸಿ ಮತ್ತೆ ಕೆರೆಗೇ ಸುರಿದಂತೆ ಎಂದು ಇದನ್ನು ತಿಳಿಯಬಹುದು. ನಿಧಾನವಾದರೂ ಕಾಲಕ್ರಮದಲ್ಲಿ ಎಣ್ಣೆಯೆಲ್ಲ ಸೋಸುವಿಕೆಗೆ ಒಳಗಾಗುತ್ತಿತ್ತು. ಇದರಲ್ಲಿ ಒಂದು ವಿವೇಕವೂ ಇತ್ತು. ಫಿಲ್ಟರ್ ಕಟ್ಟಿಕೊಂಡರೂ ಎಂಜಿನ್ನಿಗೆ ಎಣ್ಣೆ ತಪ್ಪುತ್ತಿರಲಿಲ್ಲ.

ಸೋಸಲು ಯಾವ ವಸ್ತುವನ್ನು ಬಳಸಬೇಕೆಂಬ ವಿಷಯದಲ್ಲಿ ಅಂದಿನವರು ಮಾಡದ ಪ್ರಯೋಗವಿಲ್ಲ. ತಂತಿಯ ಜಾಲರಿ, ಉಕ್ಕಿನ ನಾರು, ನೇಯ್ದ ಬಟ್ಟೆ, ಹತ್ತಿಯ ಚೂರು, ಎಲ್ಲವೂ ಬಂದು ಹೋದವು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕದಲ್ಲಿ ಮಾರಾಟವಾದ ಫ್ರಾಂಟ್ಸ್ ಎಂಬ ಫಿಲ್ಟರಿನೊಳಗೆ ಶೌಚಾಲಯದಲ್ಲಿ ಬಳಸುವ ಕಾಗದದ ಸುರುಳಿಯನ್ನೇ ಇಡುತ್ತಿದ್ದರು ಎಂದರೆ ನಿಮಗೆ ನಗು ಬರಬಹುದು. ಆದರೆ ಅದು ಸೋಸುತ್ತಿತ್ತು. ಕೊನೆಗೆ ನೆಲೆ ನಿಂತದ್ದು ಮಡಿಕೆ ಮಡಿಕೆಯಾದ ಕಾಗದ. ಅಂಟುರಾಳವನ್ನು ಹೀರಿಸಿ ಗಟ್ಟಿಗೊಳಿಸಿದ ಕಾಗದವನ್ನು ಬೀಸಣಿಗೆಯಂತೆ ಮಡಿಸಿ ದುಂಡಗೆ ಸುತ್ತಿದಾಗ, ಚಿಕ್ಕ ಜಾಗದಲ್ಲಿ ದೊಡ್ಡ ಮೇಲ್ಮೈ ಸಿಗುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಕೊಳೆಯನ್ನು ಹಿಡಿದಿಡುವ ಶಕ್ತಿ ಹೆಚ್ಚು, ಎಣ್ಣೆಯ ಹರಿವಿಗೆ ತಡೆ ಕಡಿಮೆ. ನಮ್ಮ ಕರುಳಿನ ಒಳಗೋಡೆ ಮಡಿಕೆ ಮಡಿಕೆಯಾಗಿರುವುದೂ ಇದೇ ಲೆಕ್ಕದಿಂದ.

ಹೀಗಿದ್ದರೂ ಬಹುಕಾಲ ಆಯಿಲ್ ಫಿಲ್ಟರನ್ನು ಅನೇಕ ಕಂಪನಿಗಳು ಅವಶ್ಯಕವೆಂದು ಭಾವಿಸಲಿಲ್ಲ. ಬೇಕಾದವರು ಹೆಚ್ಚಿನ ಹಣ ತೆತ್ತು ಹಾಕಿಸಿಕೊಳ್ಳಲಿ ಎಂಬ ಧೋರಣೆಯಿತ್ತು. 1955ರಲ್ಲಿ ಷೆವರ್ಲೆ ಕಂಪನಿ ಹೊರತಂದ ಪ್ರಸಿದ್ಧವಾದ ಎಂಟು ಸಿಲಿಂಡರಿನ ಎಂಜಿನ್ನಿನ ಒಡಲಿನಲ್ಲಿ ಆಯಿಲ್ ಫಿಲ್ಟರಿಗೆ ಜಾಗವೇ ಇರಲಿಲ್ಲ. ಮರುವರ್ಷ ಅದನ್ನು ಸೇರಿಸಲಾಯಿತು. ಜರ್ಮನಿಯಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳಂತೂ ಕೊನೆಯವರೆಗೆ ಒಂದು ತಂತಿಯ ಜರಡಿಯಿಂದಲೇ ಕಾಲ ಕಳೆದವು. ಸುಮಾರು 5,000 ಕಿಲೋಮೀಟರಿಗೊಮ್ಮೆ ಎರಡೂವರೆ ಲೀಟರ್ ಎಣ್ಣೆಯನ್ನು ಬದಲಿಸಿ, ಜರಡಿಯನ್ನು ತೊಳೆದು ಹಾಕಿದರೆ ಆಯಿತು. ಅಗ್ಗದ ಕಾರನ್ನು ಸಾಮಾನ್ಯರಿಗೆ ಕೊಡಬೇಕೆಂದಾಗ ಒಂದು ಭಾಗವನ್ನು ಬಿಡುವುದೂ ಒಂದು ವಿನ್ಯಾಸವೇ.

ಇದರ ನಡುವೆ ಇನ್ನೊಂದು ಮುಖ್ಯವಾದ ಬದಲಾವಣೆ ನಡೆಯಿತು. ಪಂಪಿನಿಂದ ಬರುವ ಎಣ್ಣೆಯನ್ನೆಲ್ಲ ಫಿಲ್ಟರಿನ ಮೂಲಕವೇ ಎಂಜಿನ್ನಿಗೆ ಕಳುಹಿಸುವ ವ್ಯವಸ್ಥೆ ರೂಢಿಗೆ ಬಂದಿತು. ಆದರೆ ಹೀಗೆ ಮಾಡಿದಾಗ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಎಣ್ಣೆಯಿಲ್ಲದೆ ನಾಶವಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಎಣ್ಣೆ ಜೇನಿನಂತೆ ಗಟ್ಟಿಯಾಗಿರುವಾಗಲೂ ಅದು ಕಾಗದವನ್ನು ಬೇಗ ಹಾಯಲಾರದು. ಇದಕ್ಕೆ ಕಂಡುಕೊಂಡ ಪರಿಹಾರ ಒಂದು ಸ್ಪ್ರಿಂಗು ಹಾಕಿದ ಚಿಕ್ಕ ಕವಾಟ. ಒತ್ತಡ ಮಿತಿ ಮೀರಿದರೆ ಕವಾಟ ತೆರೆದು ಎಣ್ಣೆ ಸೋಸದೆಯೇ ಒಳಗೆ ಹೋಗುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆಯಾದ ಎಣ್ಣೆಯಾದರೂ ಇರುವುದು ಲೇಸು ಎಂಬ ತತ್ತ್ವ ಇದರಲ್ಲಿ ಅಡಗಿದೆ.

ಇಷ್ಟರವರೆಗೆ ಎಂಜಿನ್ನಿಗೆ ಒಳ್ಳೆಯದಾಯಿತು. ಫಿಲ್ಟರನ್ನು ಬದಲಿಸುವ ಮನುಷ್ಯನಿಗೆ ಏನಾಯಿತು? ಆ ಕಾಲದ ಫಿಲ್ಟರುಗಳಲ್ಲಿ ಲೋಹದ ಬಟ್ಟಲು ಶಾಶ್ವತ, ಒಳಗಿನ ತಿರುಳು ಮಾತ್ರ ಬದಲಾಗುವಂಥದು. ಬಟ್ಟಲಿನ ನಡುವೆ ಉದ್ದವಾದ ಒಂದು ಬೋಲ್ಟು. ಅದನ್ನು ಸಡಿಲಿಸಿದರೆ ಬಟ್ಟಲು ಬಿಸಿ ಎಣ್ಣೆಯ ಸಮೇತ ಕೈಗೆ ಬರುತ್ತದೆ. ಒಳಗೆ ಸ್ಪ್ರಿಂಗು, ವಾಷರುಗಳು, ತಟ್ಟೆ. ಇವನ್ನು ಕ್ರಮ ತಪ್ಪದೆ ತೆಗೆದು, ತೊಳೆದು, ಅದೇ ಕ್ರಮದಲ್ಲಿ ಜೋಡಿಸಬೇಕು. ಮೇಲಿನ ತೋಡಿನಲ್ಲಿ ರಬ್ಬರಿನ ಬಳೆಯೊಂದು ಕುಳಿತಿರುತ್ತದೆ. ಹಳೆಯದನ್ನು ಸೂಜಿಯಿಂದ ಮೀಟಿ ತೆಗೆದು ಹೊಸದನ್ನು ಸರಿಯಾಗಿ ಕೂರಿಸದಿದ್ದರೆ ಎಣ್ಣೆ ಸೋರುತ್ತದೆ.

ಈ ವ್ಯವಸ್ಥೆ ನಮಗೂ ಪರಿಚಿತವಾದದ್ದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ತಯಾರಾಗಿ, 2014ರ ವರೆಗೆ ಬಂಗಾಳದ ಉತ್ತರಪಾರಾದಿಂದ ಹೊರಬರುತ್ತಿದ್ದ ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಇಂತಹ ಬಟ್ಟಲಿನ ಫಿಲ್ಟರೇ ಇತ್ತು. ನಾನು ಕೆಲಸ ಮಾಡುತ್ತಿದ್ದ ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಮೆಕ್ಯಾನಿಕ್ ಶೆಡ್ಡಿತ್ತು. ಅಲ್ಲಿ ಕೆಲಸಕ್ಕಿದ್ದ ಹುಡುಗ ಎಂಟನೆಯ ತರಗತಿಯವರೆಗೆ ನನ್ನಲ್ಲಿ ಓದಿ, ಮನೆಯ ಕಷ್ಟಕ್ಕೆ ಶಾಲೆ ಬಿಟ್ಟವನು. ಒಂದು ದಿನ ಆ ದಾರಿಯಾಗಿ ಹೋಗುತ್ತಿದ್ದಾಗ ಅವನು ಅಂಬಾಸಿಡರಿನ ಬಟ್ಟಲನ್ನು ಬಿಚ್ಚಿ ಕುಳಿತಿದ್ದ. ಮೊಣಕೈಯವರೆಗೆ ಕಪ್ಪು ಎಣ್ಣೆ. ನನ್ನನ್ನು ಕಂಡು ಎದ್ದು ನಿಂತು, ಕಪ್ಪಾದ ತಿರುಳನ್ನು ಎತ್ತಿ ತೋರಿಸಿ, “ಸಾರ್, ನೀವು ಆಲಿಕೇಲಿ ಇಟ್ಟು ತೋರಿಸ್ತಿದ್ರಲ್ಲ, ಅದೇ ಕಾಗದ ಅಲ್ವಾ ಸಾರ್ ಇದೂ?” ಎಂದ. “ಹೌದು ಕಣಪ್ಪಾ, ಅದೇ” ಎಂದೆ. ಪಾಠ ಅವನಿಗೆ ನೆನಪಿತ್ತು ಎಂಬ ಸಂತೋಷಕ್ಕಿಂತ ಅವನ ಕೈಗಳೇ ನನ್ನ ಕಣ್ಣಿನ ಮುಂದೆ ಬಹಳ ದಿನ ಉಳಿದವು.

ಬಟ್ಟಲನ್ನೇ ಇಲ್ಲವಾಗಿಸಿದ ಬದಲಾವಣೆ ಅಮೆರಿಕದಲ್ಲಿ 1950ರ ದಶಕದ ನಡುಭಾಗದಲ್ಲಿ ಬಂದಿತು. ಬಟ್ಟಲು, ತಿರುಳು, ಸ್ಪ್ರಿಂಗು, ಕವಾಟ, ರಬ್ಬರಿನ ಬಳೆ ಇವೆಲ್ಲವನ್ನೂ ಒಂದೇ ತಗಡಿನ ಡಬ್ಬಿಯೊಳಗೆ ಕಾರ್ಖಾನೆಯಲ್ಲಿಯೇ ಜೋಡಿಸಿ ಮುಚ್ಚಿಬಿಟ್ಟರೆ ಹೇಗೆ? ಹಳೆಯ ಡಬ್ಬಿಯನ್ನು ಬಲ್ಬಿನಂತೆ ತಿರುಗಿಸಿ ತೆಗೆಯುವುದು, ಹೊಸದನ್ನು ತಿರುಗಿಸಿ ಹಾಕುವುದು. ಇದಕ್ಕೆ ಸ್ಪಿನ್ ಆನ್ ಫಿಲ್ಟರ್ ಎಂಬ ಹೆಸರು ಬಂತು. ಕೆಲವೇ ವರ್ಷಗಳಲ್ಲಿ ಜಗತ್ತಿನ ಹೆಚ್ಚಿನ ಕಾರುಗಳಿಗೆ ಇದೇ ರೂಢಿಯಾಯಿತು. ಮೇಲೆ ಹೇಳಿದ ಷೆವರ್ಲೆ ಎಂಜಿನ್ ಕೂಡ 1968ರಲ್ಲಿ ಬಟ್ಟಲನ್ನು ಬಿಟ್ಟು ಡಬ್ಬಿಗೆ ಬದಲಾಯಿತು.

ಅಂತಹ ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ. ಬಾಯಿಯ ಸುತ್ತ ಸಣ್ಣ ತೂತುಗಳ ಸಾಲು, ನಡುವೆ ತಿರುಪಿರುವ ಒಂದು ದೊಡ್ಡ ತೂತು. ಎಣ್ಣೆ ಸುತ್ತಲಿನ ತೂತುಗಳಿಂದ ಒಳಗೆ ಬಂದು, ಕಾಗದವನ್ನು ಹೊರಗಿನಿಂದ ಒಳಕ್ಕೆ ಹಾಯ್ದು, ನಡುವಿನ ತೂತಿನಿಂದ ಎಂಜಿನ್ನಿಗೆ ಹೋಗುತ್ತದೆ. ಅನೇಕ ಡಬ್ಬಿಗಳಲ್ಲಿ ಸುತ್ತಲಿನ ತೂತುಗಳ ಹಿಂದೆ ಒಂದು ರಬ್ಬರಿನ ಪೊರೆಯಿರುತ್ತದೆ. ಎಂಜಿನ್ ನಿಂತಾಗ ಡಬ್ಬಿಯೊಳಗಿನ ಎಣ್ಣೆ ಹಿಂದಕ್ಕೆ ಬಸಿದು ಹೋಗದಂತೆ ಅದು ತಡೆಯುತ್ತದೆ. ಇಲ್ಲವಾದರೆ ಮರುದಿನ ಎಂಜಿನ್ ಶುರುವಾದಾಗ ಕೆಲವು ಕ್ಷಣ ಎಣ್ಣೆಯಿಲ್ಲದೆ ಓಡಬೇಕಾಗುತ್ತದೆ. ತಿರುಪಿನ ಅಳತೆಯೂ ಕ್ರಮೇಣ ಒಂದು ನಿಯಮಕ್ಕೆ ಬಂದಿತು. ಮುಕ್ಕಾಲು ಅಂಗುಲದ ವ್ಯಾಸ, ಅಂಗುಲಕ್ಕೆ 16 ಸುತ್ತು ಎಂಬ ಅಳತೆ ಬಹಳಷ್ಟು ಕಾರುಗಳಲ್ಲಿ ಕಾಣುತ್ತದೆ. ಹೊಸ ಡಬ್ಬಿಯ ರಬ್ಬರಿಗೆ ಒಂದಿಷ್ಟು ಎಣ್ಣೆ ಸವರಿ, ರಬ್ಬರು ತಾಗುವವರೆಗೆ ಕೈಯಿಂದ ತಿರುಗಿಸಿ, ಆಮೇಲೆ ಡಬ್ಬಿಯ ಮೇಲೆ ಬರೆದಿರುವಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿ ಮಾಡಿದರೆ ಸಾಕು. ಎಚ್ಚರ ವಹಿಸಬೇಕಾದದ್ದು ಒಂದೇ. ಹಳೆಯ ರಬ್ಬರಿನ ಬಳೆ ಎಂಜಿನ್ನಿಗೆ ಅಂಟಿಕೊಂಡು ಉಳಿದಿದ್ದು, ಅದರ ಮೇಲೆ ಹೊಸದು ಕುಳಿತರೆ ಎಣ್ಣೆಯೆಲ್ಲ ಚಿಮ್ಮಿ ಹೊರಗೆ ಹೋಗುತ್ತದೆ.

ಕೈಗೆ ಒಂದು ಸ್ಪ್ಯಾನರು, ಅಡಿಯಲ್ಲಿ ಒಂದು ತಟ್ಟೆ, ಅರ್ಧ ಗಂಟೆಯ ಬಿಡುವು, ಇಷ್ಟಿದ್ದರೆ ಯಾರು ಬೇಕಾದರೂ ಮಾಡಬಹುದಾದ ಕೆಲಸವಾಯಿತು ಇದು. ಗುಮಾಸ್ತ, ಶಿಕ್ಷಕ, ದಾದಿ, ಯಾರಾದರೂ ಸರಿ. ಕಾರಿನ ಮಾಲೀಕನಿಗೆ ತನ್ನ ಯಂತ್ರದ ಮೇಲೆ ಒಂದು ಹಿಡಿತ ಸಿಕ್ಕಿತು. ಇದು ಸಣ್ಣ ಸಾಧನೆಯಲ್ಲ. ತನ್ನ ವಸ್ತುವನ್ನು ತಾನೇ ಬಿಚ್ಚಿ ನೋಡಬಲ್ಲೆನೆಂಬ ಧೈರ್ಯವೇ ವಿಜ್ಞಾನ ಶಿಕ್ಷಣದ ಅರ್ಧ ಭಾಗವೆಂದು ನಾನು ನಂಬಿದವನು. ನಮ್ಮಲ್ಲಿಯೂ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ಜೊತೆಗೆ ಈ ಡಬ್ಬಿಯೂ ಊರೂರಿಗೆ ಬಂದಿತು. ಶೆಡ್ಡಿನ ಹುಡುಗನಿಗೂ ಅದು ಒಂದು ಬಿಡುಗಡೆಯಾಗಿಯೇ ಕಂಡಿತ್ತು. “ಇದ್ರಲ್ಲಿ ತೊಳಿಯೋದೇನಿಲ್ಲ ಸಾರ್, ತಿರುಗ್ಸೋದು, ಬಿಸಾಕೋದು” ಎಂದು ಅವನು ಹೇಳಿದ್ದುಂಟು.

ಎಲ್ಲಿಗೆ ಬಿಸಾಕುವುದು? ಈ ಪ್ರಶ್ನೆಯಿಂದ ಚರಿತ್ರೆಯ ಇನ್ನೊಂದು ಮಗ್ಗುಲು ಶುರುವಾಗುತ್ತದೆ.

ಮೆಕ್ಯಾನಿಕ್ಕನ ಕೆಲಸ ಮನೆಯಂಗಳಕ್ಕೆ ಬಂದಾಗ ಅವನ ಕೊಳೆಯೂ ಅಂಗಳಕ್ಕೆ ಬಂದಿತು. ಗ್ಯಾರೇಜಿನಲ್ಲಿ ಒಂದು ಪೀಪಾಯಿಯಲ್ಲಿ ಸೇರುತ್ತಿದ್ದ ಹಳೆಯ ಎಣ್ಣೆ ಈಗ ಲಕ್ಷಾಂತರ ಮನೆಗಳಲ್ಲಿ ನಾಲ್ಕು ನಾಲ್ಕು ಲೀಟರಾಗಿ ಹಂಚಿಹೋಯಿತು. ಅಮೆರಿಕದಲ್ಲಿ ಬಹುಕಾಲ ಅನೇಕರು ಅದನ್ನು ಹಿತ್ತಿಲಿನ ಗುಂಡಿಗೋ ಚರಂಡಿಗೋ ಸುರಿಯುತ್ತಿದ್ದರು. ಕಣ್ಣಿಗೆ ಮರೆಯಾದರೆ ಮುಗಿಯಿತು ಎಂಬ ಭಾವನೆ. ಆದರೆ ಎಣ್ಣೆ ಮಣ್ಣಿನಲ್ಲಿ ಬೇಗ ಕರಗಿ ಹೋಗುವಂಥದಲ್ಲ. ಒಂದು ಕಾರಿನಿಂದ ಒಮ್ಮೆ ತೆಗೆದ ಒಂದು ಗ್ಯಾಲನ್, ಎಂದರೆ ಸುಮಾರು 3.8 ಲೀಟರ್ ಎಣ್ಣೆ, ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ ಜನರನ್ನು ಎಚ್ಚರಿಸುತ್ತ ಬಂದಿದೆ. ಲೆಕ್ಕ ಹಾಕಿದರೆ ಅದು ಸುಮಾರು 38 ಲಕ್ಷ ಲೀಟರ್ ನೀರು. ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಆ ಸೀಸವೂ ಹಳೆಯ ಎಣ್ಣೆಯಲ್ಲಿ ಸೇರುತ್ತಿತ್ತು. ಎಣ್ಣೆ ಮುಟ್ಟುವವರ ಚರ್ಮಕ್ಕೂ ಇದು ಅಪಾಯಕಾರಿ. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಹತ್ತಿ ಗಿರಣಿಗಳಲ್ಲಿ ಖನಿಜ ತೈಲದಿಂದ ಬಟ್ಟೆ ನೆನೆಯುತ್ತಿದ್ದ ನೂಲುಗಾರರಿಗೆ ಚರ್ಮದ ಕ್ಯಾನ್ಸರ್ ಬರುವುದನ್ನು ವೈದ್ಯರು 1920ರ ದಶಕದಲ್ಲಿಯೇ ಗುರುತಿಸಿದ್ದರು. ಉರಿದು ಕೆಟ್ಟ ಎಂಜಿನ್ ಆಯಿಲಿನಲ್ಲಿ ಅಂತಹ ವಸ್ತುಗಳು ಇನ್ನೂ ಹೆಚ್ಚು.

ಎಣ್ಣೆ ಸುರಿದು ಮುಗಿದ ಮೇಲೂ ಡಬ್ಬಿ ಖಾಲಿಯಾಗುವುದಿಲ್ಲ. ಅದರ ಕಾಗದ ಎಣ್ಣೆಯನ್ನು ಹೀರಿಕೊಂಡಿರುತ್ತದೆ, ರಬ್ಬರಿನ ಪೊರೆ ಒಳಗಿನದನ್ನು ಹಿಡಿದಿರುತ್ತದೆ. ಕಬ್ಬಿಣ, ಕಾಗದ, ರಬ್ಬರು, ಎಣ್ಣೆ ನಾಲ್ಕೂ ಬಿಡಿಸಲಾಗದಂತೆ ಒಂದಾಗಿರುವ ವಸ್ತು ಅದು. ಬಿಚ್ಚಬೇಕಾದ ಕಷ್ಟ ಬೇಡವೆಂದು ಮಾಡಿದ ವಿನ್ಯಾಸ, ಕೊನೆಯಲ್ಲಿ ಬಿಚ್ಚಲೇ ಆಗದ ಕಸವಾಯಿತು. ಅಮೆರಿಕದ ಸರ್ಕಾರ 1980ರಲ್ಲಿ ಹಳೆಯ ಎಣ್ಣೆಯ ಮರುಬಳಕೆಗಾಗಿ ಒಂದು ಕಾನೂನನ್ನು ತಂದಿತು. 1992ರಲ್ಲಿ ಡಬ್ಬಿಗಳ ವಿಷಯದಲ್ಲಿಯೂ ಒಂದು ನಿಯಮ ಬಂತು. ಸೀಸದ ಲೇಪವಿಲ್ಲದ ಡಬ್ಬಿಯನ್ನು ಬಿಸಿಯಾಗಿರುವಾಗಲೇ ತೂತು ಮಾಡಿಯೋ ಬೇರೆ ರೀತಿಯಿಂದಲೋ ಚೆನ್ನಾಗಿ ಬಸಿದಿದ್ದರೆ ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಬೇಕಿಲ್ಲ ಎಂಬುದು ಅದರ ಸಾರ. ಹಳೆಯ ಎಣ್ಣೆಯನ್ನು ತೆಗೆದುಕೊಳ್ಳುವ ವ್ಯವಸ್ಥೆ ಬಿಡಿಭಾಗ ಮಾರುವ ಅನೇಕ ಅಂಗಡಿಗಳಲ್ಲಿ ಬಂದ ಮೇಲೆಯೇ ಮನೆಯ ಆಯಿಲ್ ಬದಲಾವಣೆ ನಿಜವಾದ ಅರ್ಥದಲ್ಲಿ ಪೂರ್ಣವಾಯಿತು ಎನ್ನಬೇಕು.

ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಎಣ್ಣೆ ಕೊಳೆಯಾಗುತ್ತದೆ, ಅದರಲ್ಲಿ ಬೆರೆಸಿದ ರಾಸಾಯನಿಕಗಳು ಮುಗಿಯುತ್ತವೆ, ಆದರೆ ಮೂಲ ತೈಲದ ಬಹುಭಾಗ ಹಾಗೆಯೇ ಉಳಿದಿರುತ್ತದೆ. ಅದನ್ನು ಶುದ್ಧಿ ಮಾಡಿ ಮತ್ತೆ ಎಂಜಿನ್ ಆಯಿಲ್ ಮಾಡಬಹುದು. ಒಂದು ಗ್ಯಾಲನ್ ಹಳೆಯ ಎಣ್ಣೆಯಿಂದ ಸುಮಾರು 2.4 ಲೀಟರ್ ಹೊಸ ಎಣ್ಣೆ ಸಿಗುತ್ತದೆ. ಅಷ್ಟೇ ಎಂಜಿನ್ ಆಯಿಲನ್ನು ಪಡೆಯಲು 42 ಗ್ಯಾಲನ್, ಎಂದರೆ 159 ಲೀಟರ್ ಕಚ್ಚಾತೈಲ ಬೇಕಾಗುತ್ತದೆ. ಕಚ್ಚಾತೈಲದ ಉಳಿದ ಭಾಗ ಪೆಟ್ರೋಲು, ಡೀಸೆಲ್ಲುಗಳಿಗೆ ಹೋಗುತ್ತದೆ, ನಿಜ. ಆದರೂ ಚರಂಡಿಗೆ ಸುರಿದದ್ದು ಎಂತಹ ಸಂಪತ್ತು ಎಂಬುದು ಇದರಿಂದ ತಿಳಿಯುತ್ತದೆ.

1990ರ ದಶಕದಿಂದ ವಿನ್ಯಾಸಕಾರರು ಮತ್ತೆ ಹಳೆಯ ದಾರಿಯ ಕಡೆಗೆ ತಿರುಗಿದರು. ಯುರೋಪಿನ ಮತ್ತು ಏಷ್ಯಾದ ಅನೇಕ ಕಾರುಗಳಲ್ಲಿ ಬಟ್ಟಲು ಶಾಶ್ವತವಾಗಿ ಉಳಿಯುವ, ಕಾಗದದ ತಿರುಳು ಮಾತ್ರ ಬದಲಾಗುವ ಫಿಲ್ಟರ್ ಮರಳಿ ಬಂದಿತು. ಬಿಸಾಡುವುದು ಕಾಗದ ಮತ್ತು ಒಂದು ರಬ್ಬರಿನ ಬಳೆ ಮಾತ್ರ, ತಗಡು ಉಳಿಯಿತು. ಅಂಬಾಸಿಡರಿನ ಬಟ್ಟಲನ್ನು ಕಂಡವರಿಗೆ ಇದು ಹೊಸತೆನಿಸಲಿಕ್ಕಿಲ್ಲ. ಆದರೆ ವ್ಯತ್ಯಾಸವಿದೆ. ಇಂತಹ ಅನೇಕ ಎಂಜಿನ್ನುಗಳಲ್ಲಿ ಫಿಲ್ಟರನ್ನು ಮೇಲ್ಭಾಗದಲ್ಲಿ ಇರಿಸಿದರು. ಮುಚ್ಚಳ ತಿರುಗಿಸಿ ತೆಗೆದರೆ ಒಳಗಿನ ಎಣ್ಣೆ ತಾನಾಗಿ ಕೆಳಗಿಳಿಯುತ್ತದೆ. ನಿಂತುಕೊಂಡೇ ತಿರುಳನ್ನು ಎತ್ತಿ ತೆಗೆಯಬಹುದು. ಜಪಾನಿನ ಸುಬಾರು ಕಂಪನಿಯಂತೂ 2010ರ ಸುಮಾರಿಗೆ ಬಂದ ತನ್ನ ಹೊಸ ಎಂಜಿನ್ನಿನಲ್ಲಿ ತಗಡಿನ ಡಬ್ಬಿಯನ್ನೇ ಎಂಜಿನ್ನಿನ ಮೇಲೆ ತಂದು ಕೂರಿಸಿತು. ಕೆಳಗಿನ ಬೋಲ್ಟಿನ ಬದಲಿಗೆ ಹಾಕಬಹುದಾದ, ಹಿಡಿ ತಿರುಗಿಸಿದರೆ ಎಣ್ಣೆ ಬಸಿಯುವ ಫುಮೊಟೊ ಎಂಬ ಜಪಾನಿನ ಪುಟ್ಟ ನಲ್ಲಿಯೂ ದೊರೆಯುತ್ತದೆ. ಮಾಡೆಲ್ ಟಿ ಕಾಲದ ನಲ್ಲಿ ಹೊಸ ರೂಪದಲ್ಲಿ ಮರಳಿತು ಎಂದರೂ ಸರಿಯೇ. ಎಣ್ಣೆಯ ಮಟ್ಟ ನೋಡುವ ಕಡ್ಡಿಯ ಕೊಳವೆಯಿಂದಲೇ ಹಳೆಯ ಎಣ್ಣೆಯನ್ನು ಹೀರಿ ತೆಗೆಯುವ ಪಂಪುಗಳೂ ಇವೆ.

ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಇಲ್ಲಿ ಕಾರಿನ ಮಾಲೀಕ ಕಾರಿನಡಿಗೆ ಹೋಗುವುದು ಕಡಿಮೆ. ಆ ಕೆಲಸ ಸರ್ವಿಸ್ ಸ್ಟೇಷನ್ನಿನದು ಅಥವಾ ಶೆಡ್ಡಿನದು. ಆದ್ದರಿಂದ ಸುಲಭ ನಮ್ಮದು, ಮಸಿ ಬೇರೆಯವರದು. ‘ವೇಸ್ಟ್ ಆಯಿಲ್’ ಎಂದು ಕರೆಯುವ ಆ ಕಪ್ಪು ಎಣ್ಣೆಯನ್ನು ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಕ್ಕೆ, ಮಾಡಿನ ಮರಕ್ಕೆ ಬಳಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಉಳಿದದ್ದು ಶೆಡ್ಡಿನ ಹಿಂದಿನ ನೆಲಕ್ಕೆ ಇಳಿಯುತ್ತದೆ. ನಾನು ಹೇಳಿದ ಶೆಡ್ಡಿನ ಹಿಂದೆ ಮಳೆಗಾಲದಲ್ಲಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹರಡಿರುತ್ತಿದ್ದವು. ತೆಳುವಾದ ಪದರದಲ್ಲಿ ಬೆಳಕು ಹೇಗೆ ಬಣ್ಣಗಳಾಗಿ ಕಾಣುತ್ತದೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಆದರೆ ಅಲ್ಲಿಂದ ಕೂಗಳತೆಯಲ್ಲಿ ಕುಡಿಯುವ ನೀರಿನ ಬಾವಿಯಿತ್ತು.

ಈಗ ನಮ್ಮಲ್ಲಿಯೂ ಕಾನೂನು ಬಂದಿದೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಂತೆ, ಎಣ್ಣೆಯನ್ನು ತಯಾರಿಸಿ ಮಾರುವವರೇ ಹಳೆಯ ಎಣ್ಣೆ ಮರುಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಹೊರಬೇಕು. ಮಾರಿದವನ ಜವಾಬ್ದಾರಿ ಮಾರಾಟದೊಂದಿಗೆ ಮುಗಿಯುವುದಿಲ್ಲ ಎಂಬ ತತ್ತ್ವ ಇದರಲ್ಲಿದೆ. ಕಾನೂನು ಸಣ್ಣ ಊರಿನ ಶೆಡ್ಡನ್ನು ತಲಪಬೇಕಾದರೆ ಅಲ್ಲಿಗೆ ಹೋಗುವ ನಾವೂ ಬಾಯಿ ಬಿಡಬೇಕು. ಮುಂದಿನ ಸಲ ನಿಮ್ಮ ಕಾರಿನ ಆಯಿಲ್ ಬದಲಾಗುವಾಗ, ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಮಾತು ಕೇಳಿ. ಕೆಲಸ ಮಾಡುವ ಹುಡುಗನ ಕೈಗೆ ಗ್ಲೌಸ್ ಇಲ್ಲದಿದ್ದರೆ ಒಂದು ಜೊತೆ ತೆಗೆದುಕೊಡಿ. ಮನೆಯಲ್ಲಿಯೇ ಬದಲಿಸುವವರು ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ನೀರು ಬೆರೆಸದೆ, ಡಬ್ಬಿಯನ್ನು ರಾತ್ರಿಯಿಡೀ ಬಸಿದು, ಎರಡನ್ನೂ ಸಂಗ್ರಹಿಸುವ ಕಡೆಗೆ ಒಪ್ಪಿಸಿ. ಅರ್ಧ ಗಂಟೆಯ ಕೆಲಸಕ್ಕೆ ಇನ್ನು ಹತ್ತು ನಿಮಿಷ ಸೇರಿತೆಂದು ತಿಳಿಯಿರಿ.

ಎಲೆಕ್ಟ್ರಿಕ್ ಕಾರು ಬಂದ ಮೇಲೆ ಈ ಕಥೆಯೆಲ್ಲ ಮುಗಿಯಿತಲ್ಲ ಎಂದು ಕೆಲವರು ಕೇಳಬಹುದು. ಎಂಜಿನ್ ಇಲ್ಲದ ಕಾರಿಗೆ ಎಂಜಿನ್ ಆಯಿಲ್ ಬೇಡ, ಸರಿ. ಆದರೆ ಗೇರುಗಳು ಇರುವ ಕಡೆ ಎಣ್ಣೆ ಇರುತ್ತದೆ. ಟೆಸ್ಲಾ ಕಂಪನಿಯ ಮಾಡೆಲ್ 3 ಕಾರಿನ ಚಾಲಕ ಭಾಗದಲ್ಲಿ ಇಂದಿಗೂ ಒಂದು ಆಯಿಲ್ ಫಿಲ್ಟರ್ ಇದೆ. ಇನ್ನು ಬ್ಯಾಟರಿಯ ವಿಷಯದಲ್ಲಂತೂ ಅದೇ ಹಳೆಯ ಪ್ರಶ್ನೆ ದೊಡ್ಡದಾಗಿ ಎದುರಿಗೆ ನಿಂತಿದೆ. ಬಿಚ್ಚಲು ಬಾರದಂತೆ ಅಂಟಿಸಿ ಮುಚ್ಚಿದ ವಸ್ತುವನ್ನು ಕೊನೆಯಲ್ಲಿ ಬಿಡಿಸುವವರು ಯಾರು?

ನಿಮ್ಮಲ್ಲಿ ಅನೇಕರು ಇಂದು ಕಾರ್ಖಾನೆಗಳಲ್ಲಿ, ವಿನ್ಯಾಸದ ಕಚೇರಿಗಳಲ್ಲಿ ಜವಾಬ್ದಾರಿಯ ಸ್ಥಾನದಲ್ಲಿದ್ದೀರಿ. ಒಂದು ವಸ್ತುವಿನ ನಕ್ಷೆ ಬರೆಯುವಾಗ ಅದನ್ನು ಕೊಳ್ಳುವವನ ಕೈಯನ್ನು ನೀವು ಖಂಡಿತ ನೆನೆಯುತ್ತೀರಿ, ಕಂಪನಿಯೇ ಅದನ್ನು ನೆನಪಿಸುತ್ತದೆ. ಅದನ್ನು ಕೊನೆಯದಾಗಿ ಮುಟ್ಟುವವನ ಕೈಯನ್ನು ನೆನಪಿಸುವವರು ಯಾರೂ ಇರುವುದಿಲ್ಲ. ಅದನ್ನು ನೀವೇ ನೆನೆಯಬೇಕು. ನಿಮ್ಮ ಮೇಷ್ಟ್ರು ಈ ವಯಸ್ಸಿನಲ್ಲಿ ಕೊಡಬಹುದಾದ ಮನೆಗೆಲಸ ಇಷ್ಟೇ.